ಅರ್ದಿಯವರಿಗೆ ಪುಕ್ಕಟೆ ಕ್ಷೌರ

ವಾರ್ಸಿದಿಯ ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತೊಂದಿತ್ತು. ಅರ್ದಿ ಊರಿನವರು ಎಸೆದ ಕಲ್ಲಿನ ಗುರುತು ಎಂದು ಅವನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ. ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತ ಆ ಕಥೆ ಹೇಳುವಾಗೆಲ್ಲ ಕಲ್ಲು ಒಂದಿಷ್ಟು ದಪ್ಪವಾಗುತ್ತಿತ್ತು. ಕೊನೆಗೆ ಅದು ತೆಂಗಿನಕಾಯಿಯ ಗಾತ್ರಕ್ಕೆ ಬಂದಾಗ ಅವನಿಗೇ ನಗು ತಡೆಯಲಾಗದೆ ನಿಜ ಹೇಳಿಬಿಟ್ಟ. ಒಮ್ಮೆ ಅರ್ದಿಯವರ ಜೊತೆಗಿನ ಫುಟ್‌ಬಾಲ್ ಆಟ ಮುಗಿದ ಮೇಲೆ ಬಸ್ಸುಗಳ ನಡುವೆ ಎದ್ದ ಗಲಾಟೆಯಲ್ಲಿ ಅವನು ಎಲ್ಲರಿಗಿಂತ ಮುಂದೆ ನಿಂತಿದ್ದನಂತೆ. ಹಿಂದಿನಿಂದ ನಮ್ಮವನೇ ಒಬ್ಬ ಕೂಗುತ್ತ ಅರ್ದಿಯವರ ಕಡೆಗೆ ಕಲ್ಲು ಬೀಸಿದ. ಯಾರು ಕೂಗಿದ್ದು ಎಂದು ವಾರ್ಸಿದಿ ಹಿಂತಿರುಗಿ ನೋಡಿದ್ದೇ ತಡ, ಹುಬ್ಬಿಗೆ ಬಿತ್ತು.

"ಅವನ ಗುರಿ ನೋಡ್ದಾಗ್ಲೇ ಗೊತ್ತಾಯ್ತು, ಇವನು ನಮ್ಮ ಟೀಮಿನ ಅಭಿಮಾನೀನೇ ಅಂತ," ಎಂದು ಅವನೇ ಹೇಳಿ ನಗುತ್ತಿದ್ದ.

ಜಾವಾದ ತೆಂಕಣ ದಂಡೆಯ ಬಂದಾರ್‌ಕಿದುಲ್‌ನಲ್ಲಿ, ಮೀನು ಹರಾಜಿನ ಕಟ್ಟೆಗೆ ಎದುರಾಗಿ ಅವನ ಕ್ಷೌರದಂಗಡಿ. ಗೋಡೆ ನೀಲಿ, ಕುರ್ಚಿ ನೀಲಿ, ಗಿರಾಕಿಗೆ ಹೊದಿಸುವ ಬಟ್ಟೆಯೂ ನೀಲಿ. ಊರಿನ ಫುಟ್‌ಬಾಲ್ ಕ್ಲಬ್ಬು ಸೆಗಾರಾದ ಬಣ್ಣ ಅದು. ಸೆಗಾರಾ ಅಂದರೆ ಕಡಲು. ಅರ್ದಿ ಅಂದರೆ ಬೆಟ್ಟ. ಎಲೆಕೋಸು, ಆಲೂಗಡ್ಡೆ ಬೆಳೆಯುವ ಆ ಊರಿನ ಕ್ಲಬ್ಬಿಗೂ ಅದೇ ಹೆಸರು, ಬಣ್ಣ ಹಸಿರು. ನಮ್ಮ ಮೀನು ಅವರು ತಿನ್ನುತ್ತಾರೆ, ಅವರ ಕೋಸು ನಾವು ತಿನ್ನುತ್ತೇವೆ. ಮಿಕ್ಕಂತೆ ಒಬ್ಬರ ಮುಖ ಒಬ್ಬರಿಗೆ ಆಗದು. ಯಾಕೆ ಎಂದು ಕೇಳಿದರೆ ಎರಡೂ ಊರುಗಳಲ್ಲಿ ಸರಿಯಾದ ಉತ್ತರ ಕೊಡಬಲ್ಲ ಒಬ್ಬನೂ ಸಿಗಲಾರ.

ವಾರ್ಸಿದಿಯ ಭಕ್ತಿಗೆ ಬಲಿಯಾದವಳು ಅವನ ಮಗಳು. ಅವಳು ಹುಟ್ಟಿದ ವರ್ಷ ಸೆಗಾರಾಕ್ಕೆ ರೊಬೆರ್ತೊ ಎಂಬ ಬ್ರೆಜಿಲ್ ಆಟಗಾರ ಬಂದಿದ್ದ. ಒಂದೇ ಋತು ಆಡಿ, ಮೊಣಕಾಲು ಹಿಡಿದುಕೊಂಡು ಹೊರಟುಹೋದ. ಅವನು ಹೋದರೂ ಹೆಸರು ಉಳಿಯಿತು. ಹೆಂಡತಿ ಮುರ್ತಿನಿ ಬಾಣಂತನದ ಸುಸ್ತಿನಲ್ಲಿ ನಿದ್ದೆ ಹೋಗಿದ್ದಾಗ ವಾರ್ಸಿದಿ ಹೋಗಿ ಮಗುವಿನ ಹೆಸರು ರೊಬೆರ್ತಿನಾ ಎಂದು ಬರೆಸಿ ಬಂದ. ಮುರ್ತಿನಿ ಇದನ್ನು ಇನ್ನೂ ಮರೆತಿಲ್ಲ. ಮಗಳು ತಿನಾ ಎಂದು ಕರೆಸಿಕೊಂಡು ಹೇಗೋ ನಿಭಾಯಿಸಿದಳು. ಓದಿ ಪ್ರೈಮರಿ ಶಾಲೆಯ ಟೀಚರ್ ಆದಳು. ಸಂಜೆ ಹೊತ್ತು ಹಳೇ ಉಪ್ಪಿನ ಗದ್ದೆಯ ಬಯಲಿನಲ್ಲಿ ಬೆಸ್ತರ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದಳು. ಅಪ್ಪ ಆ ಕಡೆ ತಲೆ ಹಾಕಿದವನಲ್ಲ. ಅದು ಮಕ್ಕಳಾಟ, ಫುಟ್‌ಬಾಲ್ ಅಲ್ಲ ಎಂಬುದು ಅವನ ತೀರ್ಮಾನ.

ಈ ಕಥೆ ನಡೆದ ವರ್ಷ ಸೀಗಡಿ ಕಾರ್ಖಾನೆಯ ಧಣಿಯೊಬ್ಬ ಸೆಗಾರಾ ಕ್ಲಬ್ಬನ್ನು ಕೈಗೆ ತೆಗೆದುಕೊಂಡ. ಜಿಲ್ಲೆಯ ಚುನಾವಣೆಗೆ ನಿಲ್ಲುವ ಆಸೆ ಅವನಿಗೆ. ನಮಗೆ ಅದು ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕುಣಿದೆವು, ಅಷ್ಟೆ. ಬ್ರೆಜಿಲ್‌ನಿಂದ ವಾಂದೆರ್ಸನ್ ಎಂಬ ಗೂಳಿಯಂಥ ಸ್ಟ್ರೈಕರ್ ಬಂದ. ಅವನ ಬೆನ್ನಿಗೆ ಇನ್ನಿಬ್ಬರು ಪರದೇಶಿಗಳು ಬಂದರು. ವಾಂದೆರ್ಸನ್ ಒಂದು ದಿನ ದಾರಿ ತಪ್ಪಿದವನಂತೆ ವಾರ್ಸಿದಿಯ ಅಂಗಡಿಗೇ ಬಂದು ಕೂತು ತಲೆ ಒಪ್ಪಿಸಿದ. ವಾರ್ಸಿದಿ ಆ ಕೂದಲನ್ನು ಗುಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕನ್ನಡಿಯ ಮೇಲೆ ತೂಗುಹಾಕಿದ. ಮಾರನೆಯ ಬೆಳಿಗ್ಗೆ ಮುರ್ತಿನಿ ಅದನ್ನು ಚರಂಡಿಗೆ ಎಸೆದಳು. ಪಕ್ಕದಲ್ಲೇ ಅವಳ ಊಟದಂಗಡಿ, ಸೊಪ್ಪು ಅನ್ನಕ್ಕೆ ಕಡಲೆಕಾಯಿ ಚಟ್ನಿ ಹಾಕಿ ಕೊಡುವ ಜಾಗ.

"ಅನ್ನದಲ್ಲಿ ಕೂದ್ಲು ಸಿಕ್ಕಿದ್ರೆ, ಬ್ರೆಜಿಲ್ದು ಅಂತ ಗಿರಾಕಿ ಸುಮ್ನಿರ್ತಾರಾ?" ಎಂದು ಕೇಳಿದಳು.

ಜಗಳ ಹತ್ತಿದ್ದು ಒಂದು ಶನಿವಾರ. ಒಣಮೀನು ವ್ಯಾಪಾರಿ ಖೋಲಿಲ್ ಮುಖದ ತುಂಬ ನೊರೆ ಬಳಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಕೊನೆಯಲ್ಲಿ ಮಾತಾಡಿದವರ ಪಕ್ಷ ಸೇರುವುದು ಅವನ ಸ್ವಭಾವ. ತಿನಾ ಚೆಂಡುಗಳ ಬಲೆ ಹೆಗಲಿಗೇರಿಸಿಕೊಂಡು ಅಮ್ಮನ ಅಂಗಡಿಯಿಂದ ನೀರು ತುಂಬಿಸಿಕೊಳ್ಳಲು ಬಂದವಳು, ಅಪ್ಪನ ವಾಂದೆರ್ಸನ್ ಸ್ತೋತ್ರ ಕೇಳಿ ಬಾಗಿಲಲ್ಲೇ ನಿಂತಳು.

"ಬಾಪಾ, ಅವನೊಬ್ಬನ ಒಂದು ಕಾಲಿಗೆ ಕೊಡೋ ದುಡ್ಡಲ್ಲಿ ಈ ಕರಾವಳಿ ಹಳ್ಳಿಗಳಿಗೆಲ್ಲ ಒಂದೊಂದು ಮೈದಾನ ಮಾಡಿಸಬಹುದು. ನಮ್ಮ ಹುಡುಗರು ಚಿಪ್ಪಿನ ಮೇಲೆ ಓಡಿ ಓಡಿ ಪಾದ ಸೀಳಿಕೊಳ್ತಿದಾರೆ."

"ಹೌದು ಚಾಕ್, ಅದೂ ನಿಜಾನೇ," ಎಂದ ಖೋಲಿಲ್, ನೊರೆಯೊಳಗಿಂದ. ಅಣ್ಣ ಎನ್ನುವುದಕ್ಕೆ ನಮ್ಮ ಕಡೆ ಚಾಕ್ ಎನ್ನುತ್ತಾರೆ.

"ನೀನು ಬಾಯಿ ತೆಗೀಬೇಡ, ಸೋಪು ಒಳಗೆ ಹೋಗ್ತದೆ," ಎಂದ ವಾರ್ಸಿದಿ. ಆಮೇಲೆ ಮಗಳತ್ತ ತಿರುಗಿದ. "ನೋಡು ಮಗಳೇ, ಹುಡುಗರನ್ನ ಬೆಳೆಸೋದು ತೆಂಗಿನ ಸಸಿ ನೆಟ್ಟ ಹಾಗೆ. ಅದು ಕಾಯಿ ಬಿಡೋ ಹೊತ್ತಿಗೆ ನಾನು ಮಣ್ಣಾಗಿರ್ತೀನಿ. ನನಗೆ ಎಳನೀರು ಈ ಭಾನುವಾರ ಬೇಕು!"

"ಅದೂ ನಿಜ," ಎಂದ ಖೋಲಿಲ್.

"ಬೆಟ್ಟದೋರು ಹುಡುಗರನ್ನ ಬೆಳೆಸಿದ್ದಕ್ಕೇ ಅಲ್ವಾ ಮೂರು ವರ್ಷದಿಂದ ನಿಮ್ಮನ್ನ ಸೋಲಿಸ್ತಿರೋದು?" ಎಂದಳು ತಿನಾ.

ಈ ಮಾತು ಅವನಿಗೆ ಸರಿಯಾದ ಜಾಗಕ್ಕೇ ತಗುಲಿತು. ರೇಜರ್ ಹಿಡಿದ ಕೈಯನ್ನೇ ಮೇಲೆತ್ತಿ, ಬೆಂಚಿನ ಮೇಲೆ ಕೂತವರೆಲ್ಲ ಕೇಳುವ ಹಾಗೆ ಘೋಷಿಸಿದ: "ಈ ಸಲ ಅರ್ದಿಯೋರು ನಮ್ಮನ್ನ ನಮ್ಮ ಮೈದಾನದಲ್ಲಿ ಸೋಲಿಸ್ಲಿ! ಅರ್ದಿಯಿಂದ ಯಾರು ಬಂದ್ರೂ ಒಂದು ದಿನ ಪೂರ್ತಿ ಪುಕ್ಕಟೆ ಕ್ಷೌರ. ಹಸಿರು ಅಂಗಿ ಹಾಕ್ಕೊಂಡು ಮಾಡ್ತೀನಿ. ಇದು ವಾರ್ಸಿದಿ ಮಾತು!"

ಬೆಂಚಿನ ಮೇಲಿದ್ದ ಒಬ್ಬ ಇದನ್ನು ಫೋನಿನಲ್ಲಿ ವಿಡಿಯೊ ಹಿಡಿದಿದ್ದ. ಸಂಜೆಯೊಳಗೆ ಅದು ಬೆಟ್ಟ ಹತ್ತಿ, ಅರ್ದಿಯ ಮನೆಮನೆ ತಿರುಗಿ, ಅಲ್ಲಿಯ ನಗೆಚಿತ್ರಗಳನ್ನೆಲ್ಲ ಮೈಗೆ ಹತ್ತಿಸಿಕೊಂಡು ನಮ್ಮೂರಿಗೇ ವಾಪಸು ಬಂತು. ವಾರ್ಸಿದಿ ಹೆದರಲಿಲ್ಲ. ವಾಂದೆರ್ಸನ್ ಇದ್ದನಲ್ಲ.

ಆದರೆ ಧಣಿ ಚುನಾವಣೆಯಲ್ಲಿ ಸೋತ. ಸೋತ ವಾರವೇ ಅವನಿಗೆ ಫುಟ್‌ಬಾಲ್ ಮೇಲಿನ ಪ್ರೀತಿ ಆರಿಹೋಯಿತು. ಸಂಬಳ ನಿಂತಿತು, ಪರದೇಶಿಗಳು ಪೆಟ್ಟಿಗೆ ಕಟ್ಟಿದರು. ವಾಂದೆರ್ಸನ್ ಹೊರಟ ಕಾರು ಕ್ಷೌರದಂಗಡಿಯ ಮುಂದೆಯೇ ಹಾದುಹೋಯಿತು. ವಾರ್ಸಿದಿ ಬಾಚಣಿಗೆ ಹಿಡಿದ ಕೈ ಬೀಸಿದ. ಆಸಾಮಿ ಫೋನು ನೋಡುತ್ತಿದ್ದ.

ಅರ್ದಿಯ ವಿರುದ್ಧದ ಆಟಕ್ಕೆ ಸೆಗಾರಾದಲ್ಲಿ ಉಳಿದವರು ಕೆಲವು ಮುದಿ ಎತ್ತುಗಳು ಮತ್ತು ಊರಿನ ಹುಡುಗರು. ಎಡಗಡೆ ರಕ್ಷಣೆಗೆ ನಿಂತವನ ಹೆಸರು ಯೋಗಾ. ದೋಣಿಗೆ ಬಣ್ಣ ಬಳಿಯುವವನ ಮಗ, ಇನ್ನೂ ಮೀಸೆ ಸರಿಯಾಗಿ ಚಿಗುರದವನು. ತಿನಾಳ ಉಪ್ಪಿನ ಗದ್ದೆಯಲ್ಲೇ ಆಡಿ ಬೆಳೆದ ಹುಡುಗ. ಇಷ್ಟು ವರ್ಷ ಇಂಥವರನ್ನು ಮೂಸಿಯೂ ನೋಡದ ವಾರ್ಸಿದಿ ಆ ಮಧ್ಯಾಹ್ನ ಮಸೀದಿಯಿಂದ ನೇರ ಮೈದಾನಕ್ಕೆ ಬಂದು, ಒಬ್ಬೊಬ್ಬ ಹುಡುಗನ ಹೆಸರು ಹಿಡಿದು ದೇವರಿಗೆ ಅರ್ಜಿ ಹಾಕಿದ. ಇಬ್ಬರ ಹೆಸರು ಗೊತ್ತಿರಲಿಲ್ಲ. ಅಂಗಿಯ ನಂಬರು ಹೇಳಿ ಬೇಡಿಕೊಂಡ.

ಎರಡು ಗೋಲಿನಿಂದ ಸೋತೆವು. ಎರಡನ್ನೂ ಬಿಟ್ಟುಕೊಟ್ಟವರು ಮುದಿ ಎತ್ತುಗಳೇ. ಯೋಗಾ ಮಾತ್ರ ಅರ್ದಿಯ ಬಲಗಡೆಯ ಓಟಗಾರನನ್ನು ಇಡೀ ಆಟದಲ್ಲಿ ಒಮ್ಮೆಯೂ ದಾಟಲು ಬಿಡಲಿಲ್ಲ. ಚೆಂಡು ಕಸಿಯುವ ಅವನ ರೀತಿ ಹೇಗಿತ್ತೆಂದರೆ, ಕಳೆದುಕೊಂಡವನು ನಾಲ್ಕು ಹೆಜ್ಜೆ ಚೆಂಡಿಲ್ಲದೆಯೇ ಮುಂದೆ ಓಡಿ ಆಮೇಲೆ ಕೆಳಗೆ ನೋಡುತ್ತಿದ್ದ. ವಾರ್ಸಿದಿ ಸೋತ ದುಃಖದ ನಡುವೆಯೂ ಅದನ್ನು ಗಮನಿಸಿದ್ದ. ಗಮನಿಸಿದ್ದನ್ನು ಯಾರಿಗೂ ಹೇಳಲಿಲ್ಲ, ಮಗಳಿಗಂತೂ ಹೇಳಲೇ ಇಲ್ಲ.

ಅರ್ದಿಯವರು ಬುಧವಾರ ಬರುತ್ತಾರೆ ಎಂದು ಸುದ್ದಿ ಬಂತು. ವಾರ್ಸಿದಿಗೆ ಬುಧವಾರವೇ ಅತ್ತೆ ಮನೆಗೆ ಹೋಗಬೇಕೆಂದು ನೆನಪಾಯಿತು.

"ನಿಮ್ಮತ್ತೆ ಸತ್ತು ಎಷ್ಟು ವರ್ಷ ಆಯ್ತು ಅಂತಾನಾದ್ರೂ ಗೊತ್ತಾ?" ಎಂದಳು ಮುರ್ತಿನಿ. "ಬಾಯೂ ನಿಮ್ದೇ, ಕತ್ತರೀನೂ ನಿಮ್ದೇ. ಸುಮ್ನೆ ಕೆಲಸ ಮಾಡಿ. ಬಂದೋರು ಊಟ ನನ್ನ ಹತ್ರಾನೇ ಮಾಡ್ತಾರೆ, ಅದು ಪುಕ್ಕಟೆ ಅಲ್ಲ."

ಹಸಿರು ಅಂಗಿಯನ್ನೂ ಅವಳೇ ಹುಡುಕಿ ತಂದಳು. ಅದು ಅವಳ ಅಕ್ಕನ ಹಳೆಯ ಕುಪ್ಪಸ. ಬೆನ್ನಿನ ಹೊಲಿಗೆ ಬಿಚ್ಚಿದರೂ ವಾರ್ಸಿದಿಯ ಹೊಟ್ಟೆಗೆ ಅದು ಬಿಗಿ. ಕತ್ತರಿ ಎತ್ತಿದಾಗೆಲ್ಲ ಹೊಕ್ಕುಳು ಹೊರಗೆ ಇಣುಕುತ್ತಿತ್ತು. ಬುಧವಾರ ಬೆಳಿಗ್ಗೆ ಮೀನು ಹರಾಜು ಬಿಟ್ಟು ಅರ್ಧ ಊರು ಅಂಗಡಿಯ ಮುಂದೆ ನೆರೆದಿತ್ತು. ಅದರಲ್ಲಿ ಕೈ ಕಟ್ಟಿಕೊಂಡು ಸುಮ್ಮನೆ ನಿಂತ ನಾಲ್ಕಾರು ಪಡ್ಡೆ ಹುಡುಗರನ್ನು ವಾರ್ಸಿದಿ ಮತ್ತೆ ಮತ್ತೆ ತಿರುಗಿ ನೋಡಿದ. ಅವರ ವಯಸ್ಸಿನಲ್ಲಿ ತಾನು ಹೀಗೇ ನಿಂತಿದ್ದ. ಆಮೇಲೆ ಏನಾಗುತ್ತದೆ ಎಂಬುದು ಹುಬ್ಬಿನ ಮೇಲೆಯೇ ಇತ್ತು.

ಕೋಸು ತುಂಬುವ ಲಾರಿಯೊಂದು ಬಂದು ನಿಂತಿತು. ಹಿಂದೆ ಹಸಿರು ಟೋಪಿಗಳ ಗುಂಪು. ಬರುವಾಗ ಹಾಡುತ್ತಿದ್ದವರು ಜನ ಕಂಡೊಡನೆ ಸುಮ್ಮನಾದರು. ಯಾರೂ ಇಳಿಯಲಿಲ್ಲ. ಕೊನೆಗೆ ಒಬ್ಬ ಮುದುಕ ಲಾರಿಯ ಹಲಗೆ ಹಿಡಿದು ನಿಧಾನ ಇಳಿದು ಬಂದು ನೀಲಿ ಕುರ್ಚಿಯಲ್ಲಿ ಕೂತ. ಟೋಪಿ ತೆಗೆದ. ತಲೆ ನುಣ್ಣಗೆ, ಕಿವಿಯ ಮೇಲೆ ಮಾತ್ರ ಎರಡು ಹಿಡಿ ನರೆ.

"ನಾನು ಸಾದಿರಾನ್. ಕಟಿಂಗ್ ಮಾಡಪ್ಪ."

ವಾರ್ಸಿದಿ ಆ ತಲೆಯನ್ನು ಸುತ್ತಲೂ ನೋಡಿದ. "ಎಲ್ಲಿ ಮಾಡ್ಲಿ ಪಾ?"

ಲಾರಿಯಲ್ಲಿ ಮೊದಲು ನಗು ಎದ್ದಿತು, ಆಮೇಲೆ ಹರಾಜು ಕಟ್ಟೆಯಲ್ಲಿ.

"ನಿನ್ನ ಹೊಕ್ಕುಳಷ್ಟು ಚೆನ್ನಾಗಿ ನನ್ನ ತಲೆ ಕಾಣಿಸ್ತಿಲ್ಲ ಬಿಡು," ಎಂದ ಸಾದಿರಾನ್. "ಗಡ್ಡನಾದ್ರೂ ತೆಗಿ."

ನೊರೆ ಬಳಿದು, ರೇಜರ್ ಮಸೆದು, ಮುದುಕನ ಗದ್ದ ಎತ್ತಿ ಹಿಡಿದಾಗ ಜನ ಒಂದು ಹೆಜ್ಜೆ ಹತ್ತಿರ ಸರಿದರು. ಅರ್ದಿಯವನ ಕುತ್ತಿಗೆ, ಬಂದರಿನವನ ಕತ್ತಿ. ಸಾದಿರಾನ್ ಕಣ್ಣು ಮುಚ್ಚಿದ್ದ. ಗಂಟಲ ಗೆಣ್ಣು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹೆದರಿದ್ದಾನೆ ಎಂದು ವಾರ್ಸಿದಿಗೆ ತಿಳಿಯಿತು. ತಾನೂ ಹೆದರಿದ್ದೇನೆ ಎಂಬುದೂ ಅವನಿಗೆ ತಿಳಿದಿತ್ತು. ಹೆದರಿದ ಇಬ್ಬರು ಮುದುಕರು ಊರೆಲ್ಲ ನೋಡುತ್ತಿರುವಾಗ ಧೈರ್ಯದ ನಾಟಕ ಆಡುತ್ತಿದ್ದೇವಲ್ಲ ಎನಿಸಿ ಒಳಗೇ ನಗು ಬಂತು. ನಕ್ಕು ರೇಜರ್ ಹಚ್ಚಿದ. ಒಂದು ಗೀರೂ ಬೀಳದಂತೆ ಕ್ಷೌರ ಮುಗಿಸಿ, ತಣ್ಣೀರಿನ ಬಟ್ಟೆ ಒತ್ತಿದ.

ಆಮೇಲೆ ಲಾರಿಯಿಂದ ಒಬ್ಬೊಬ್ಬರೇ ಇಳಿದರು. ಮುರ್ತಿನಿಯ ಅಂಗಡಿಯಲ್ಲಿ ಅನ್ನ ಖಾಲಿಯಾಗಿ ಎರಡನೇ ಸಲ ಒಲೆ ಹತ್ತಿತು. ಕೈ ಕಟ್ಟಿ ನಿಂತಿದ್ದ ಪಡ್ಡೆಗಳು ಊಟದ ಬೆಂಚಿನಲ್ಲಿ ಅರ್ದಿಯವರ ಪಕ್ಕವೇ ಜಾಗ ಮಾಡಿಕೊಂಡು, ಎರಡನೆಯ ಗೋಲು ಆಫ್‌ಸೈಡ್ ಹೌದೋ ಅಲ್ಲವೋ ಎಂದು ಉಪ್ಪಿನ ಡಬ್ಬಿ, ಮೆಣಸಿನಕಾಯಿ ಜೋಡಿಸಿ ವಾದ ಮಾಡುತ್ತಿದ್ದರು.

ಸಾದಿರಾನ್ ಹೋಗದೆ ಬೆಂಚಿನ ಮೇಲೆ ಕಾಫಿ ಹಿಡಿದು ಕೂತಿದ್ದ. "ನಿಮ್ಮ ಎಡಗಡೆ ಇದ್ದನಲ್ಲ, ಸಣಕಲು ಹುಡುಗ. ಅವನು ಯಾರಪ್ಪ? ಎಲ್ಲಿಂದ ಕೊಂಡ್ರಿ?"

ವಾರ್ಸಿದಿಯ ಎದೆ ಉಬ್ಬಿತು. ಕುಪ್ಪಸದ ಇನ್ನೊಂದು ಹೊಲಿಗೆ ಹರಿಯಿತು. "ಕೊಳ್ಳೋದೇನು ಪಾ? ಯೋಗಾ! ನಮ್ಮ ಹುಡುಗ. ನನ್ನ ಮಗಳು ಬೆಳೆಸಿದ್ದು. ನಾವು ಇಲ್ಲಿ ಹುಡುಗರನ್ನ ಬೆಳೆಸ್ತೀವಿ."

ಶಾಲೆ ಮುಗಿಸಿ ಆಗಷ್ಟೇ ಬಂದಿದ್ದ ತಿನಾ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅಪ್ಪ ಅವಳ ಕಣ್ಣು ತಪ್ಪಿಸಿ ಬ್ರಷ್ ತೊಳೆಯತೊಡಗಿದ.

"ಬೆಳೆಸಿ ಏನು ಬಂತು?" ಎಂದ ಸಾದಿರಾನ್ ಬೇಸರದಿಂದ. "ನಾವೂ ಬೆಳೆಸ್ತೀವಿ. ಮೀಸೆ ಬರೋಷ್ಟರಲ್ಲಿ ಜಕಾರ್ತಾದೋರು ಎತ್ಕೊಂಡು ಹೋಗ್ತಾರೆ. ನಮ್ಮ ಕಮಿಟಿಯೋರು ಮಾರೋದ್ರಲ್ಲಿ ಗಟ್ಟಿಗರು. ಮಾರಿದ ದುಡ್ಡಲ್ಲಿ ಒಬ್ಬನೇ ಒಬ್ಬ ಬ್ರೆಜಿಲ್‌ನೋನ್ನ ತರ್ರೋ ಅಂದ್ರೆ, ಇನ್ನಷ್ಟು ಹುಡುಗರನ್ನ ತಂದು ತುಂಬ್ತಾರೆ. ನನಗೆಷ್ಟು ವಯಸ್ಸು? ಅವರು ಸಸಿ ನೆಟ್ಟು ನೀರು ಹಾಕ್ತಾ ಕೂತ್ರೆ, ಕಪ್ ಎತ್ತೋದನ್ನ ನಾನು ಗೋರಿಯಿಂದ ನೋಡ್ಲಾ?"

ಬ್ರಷ್ ಇಟ್ಟು ರೇಜರ್ ಕೈಗೆತ್ತಿಕೊಂಡ ವಾರ್ಸಿದಿ ಹಾಗೇ ನಿಂತ. ಈ ಮಾತು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಹೊಳೆದಾಗ ಕಿವಿ ಬಿಸಿಯಾಯಿತು. ಆದರೂ ಎದುರಿಗಿದ್ದವನು ಅರ್ದಿಯವನು. ಅರ್ದಿಯವನು ಹೇಳಿದ್ದನ್ನು ಒಪ್ಪುವುದು ಹೇಗೆ?

"ಪಾ, ನೀವು ಹೀಗೆ ಮಾತಾಡಬಾರ್ದು. ಪರದೇಶಿ ಅನ್ನೋನು ಬಾಡಿಗೆ ಎತ್ತು. ಇವತ್ತು ಇರ್ತಾನೆ, ನಾಳೆ ಕಾರಲ್ಲಿ ಹೋಗ್ತಾ ನಿಮ್ಮ ಕಡೆ ತಿರುಗಿ ಕೂಡ ನೋಡಲ್ಲ. ಅವನೊಬ್ಬನ ಒಂದು ಕಾಲಿನ ದುಡ್ಡಲ್ಲಿ ಎಷ್ಟು ಮೈದಾನ ಆಗ್ತವೆ ಗೊತ್ತಾ? ಹುಡುಗರು ಚಿಪ್ಪಿನ ಮೇಲೆ ಓಡಿ ಪಾದ ಸೀಳ್ಕೊಳ್ತಾರೆ!"

"ಅರ್ದೀಲಿ ಎಲ್ಲಿಂದ ಬರ್ಬೇಕು ಚಿಪ್ಪು?"

"ಕಲ್ಲು ಇರ್ತವಲ್ಲ!"

"ಮೊದ್ಲು ಆ ಕತ್ತಿ ಕೆಳಗಿಡು ಮಾರಾಯ. ನನ್ನ ಮೂಗಿನ ಮುಂದೆ ಆಡಿಸ್ತಾ ಇದೀಯ."

"ಅದೂ ನಿಜ," ಎಂದ ಖೋಲಿಲ್ ಮೂಲೆಯಿಂದ.

ತಿನಾ ಗೋಡೆಗೆ ಒರಗಿ, ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಂಜೆ ಲಾರಿ ಹೊರಟಾಗ ಸಾದಿರಾನ್ ಕೆಳಗೆ ಬಾಗಿ ವಾರ್ಸಿದಿಗೆ ಒಂದು ಕೋಸು ಕೊಟ್ಟ. ವಾರ್ಸಿದಿ ಅದನ್ನು ಎದೆಗವಚಿಕೊಂಡು, ಕೈ ಬೀಸಿ, ಒಳಗೆ ಬಂದು ಕುಪ್ಪಸ ಬಿಚ್ಚಲಾಗದೆ ಹೆಂಡತಿಯನ್ನು ಕೂಗಿದ.

ಇಲ್ಲಿಗೆ ಮುಗಿದಿದ್ದರೆ ವಾರ್ಸಿದಿಯ ಮರ್ಯಾದೆ ಹೇಗೋ ಉಳಿಯುತ್ತಿತ್ತು. ಆದರೆ ಅರ್ದಿಯವರು ಬೆಟ್ಟಕ್ಕೆ ವಾಪಸು ಹೋಗಿ ಕ್ಷೌರದ ಕಥೆಯ ಜೊತೆಗೆ ಯೋಗಾನ ಕಥೆಯನ್ನೂ ಹೇಳಿದರು. ಬಂದರಿನ ಕ್ಷೌರಿಕ ಆ ಹುಡುಗನ ಕಾಲಿನ ವರ್ಣನೆ ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ, ಋತು ಮುಗಿದ ಕೂಡಲೆ ಅರ್ದಿಯ ಕಮಿಟಿಯವರು ಬಂದು ಕೇಳಿದರು. ಬಾಕಿ ಸಂಬಳಕ್ಕೆ ದಾರಿ ಕಾಣದೆ ಕೂತಿದ್ದ ಸೆಗಾರಾದವರು ಎರಡನೇ ಮಾತಾಡದೆ ಕೊಟ್ಟರು. ಊರಿನಲ್ಲಿ ಇದ್ದ ಒಬ್ಬ ಒಳ್ಳೆಯ ಆಟಗಾರನನ್ನು ಶತ್ರುವಿಗೆ ಮಾರುವುದಕ್ಕೆ ದಲ್ಲಾಳಿ ಯಾರು ಎಂದರೆ, ಎಲ್ಲರ ಬೆರಳೂ ನೀಲಿ ಗೋಡೆಯ ಕಡೆಗೆ. ವಾರ್ಸಿದಿ ಮೂರು ದಿನ ಅಂಗಡಿ ತೆರೆಯಲಿಲ್ಲ. ಹೊಟ್ಟೆನೋವು ಎಂದು ಮುರ್ತಿನಿ ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ.

ಹುಡುಗ ಹೊರಡುವ ಮುಂಚೆ ಕಟಿಂಗ್‌ಗೆ ಬಂದ. ವಾರ್ಸಿದಿ ಬಾಗಿಲು ಅರ್ಧ ತೆರೆದು ಕೂರಿಸಿಕೊಂಡ. ತಿನಾಳೂ ಬಂದು ಪಕ್ಕದಲ್ಲಿ ನಿಂತಳು.

"ನಿನಗೆ ಬೇಜಾರಾಗಿಲ್ವಾ ಮಗಳೇ?" ಎಂದು ಅಪ್ಪ ತಗ್ಗಿದ ದನಿಯಲ್ಲಿ ಕೇಳಿದ. "ನೀನು ಬೆಳೆಸಿದ್ದು, ಅವರು ಹಸಿರು ಅಂಗಿ ಹಾಕಿಸ್ತಾರೆ."

"ಅಲ್ಲಿ ಹುಲ್ಲಿನ ಮೈದಾನ ಇದೆ ಬಾಪಾ. ಡಾಕ್ಟ್ರು ಇದಾರೆ, ಮೂರು ಹೊತ್ತು ಊಟ ಹಾಕ್ತಾರೆ. ಹುಡುಗ ಆಡ್ಲಿ ಅಂತ ಹೇಳಿಕೊಟ್ಟೆ. ನಮ್ಮೂರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕೋಕಲ್ಲ."

ವಾರ್ಸಿದಿ ಕತ್ತರಿ ಎತ್ತಿಕೊಂಡ. ಹುಡುಗನ ಕುತ್ತಿಗೆಯ ಹಿಂದಿನ ಕೂದಲನ್ನು ಬಹಳ ಹೊತ್ತು, ಬಹಳ ಸಣ್ಣಗೆ ಕತ್ತರಿಸಿದ. ಮುಗಿದ ಮೇಲೆ, "ಬಲಗಡೆಯಿಂದ ಬರೋನ ಕಣ್ಣು ನೋಡ್ಬೇಡ, ಸೊಂಟ ನೋಡು," ಎಂದ. ಅದನ್ನು ಹುಡುಗನಿಗೆ ಎಂಟು ವರ್ಷವಿದ್ದಾಗಲೇ ತಿನಾ ಹೇಳಿಕೊಟ್ಟಿದ್ದಳು. ಹುಡುಗ, "ಆಗ್ಲಿ ಪಾ," ಎಂದು ಹೊಸದಾಗಿ ಕೇಳಿದವನಂತೆ ತಲೆಯಾಡಿಸಿದ.

ಹೊಸ ಋತು ಶುರುವಾಯಿತು. ಸೆಗಾರಾಕ್ಕೆ ಒಬ್ಬ ಹೊಸ ಧಣಿ, ಈ ಸಲ ಮಂಜುಗಡ್ಡೆ ಕಾರ್ಖಾನೆಯವನು, ಸಿಕ್ಕಿದ. ಸರ್ಬಿಯಾದ ಸ್ಟ್ರೈಕರ್ ಒಬ್ಬ ಬರುತ್ತಾನೆಂದು ಸುದ್ದಿಯಾದಾಗ ಹೂಮಾಲೆಯ ಏರ್ಪಾಡು ಮಾಡಿದವರಲ್ಲಿ ವಾರ್ಸಿದಿಯೇ ಮೊದಲಿಗ. ತಿನಾ ನೋಡಿದಳು. ಅವನೇ ಹೇಳಿದ: "ಈ ಕಾಯಿಲೆ ವಾಸಿಯಾಗಲ್ಲ ಕಣೇ. ನೀನು ನಿನ್ನ ಸಸಿಗಳಿಗೆ ನೀರು ಹಾಕು, ಬೇಕಾದ್ರೆ ಕೊಡ ನಾನು ಹೊರ್ತೀನಿ." ನಿಜವಾಗಿ ಹೊತ್ತ. ಸಂಜೆ ಅಂಗಡಿ ಮುಚ್ಚಿ ಉಪ್ಪಿನ ಗದ್ದೆಗೆ ಹೋಗಿ ಚಿಪ್ಪು ಹೆಕ್ಕಿ ಬಕೆಟ್ ತುಂಬುತ್ತಿದ್ದ. ಆದರೆ ದಡದಲ್ಲಿ ನಿಂತು ಎಂಟು ವರ್ಷದ ಮಕ್ಕಳಿಗೆ, "ಹೊಡಿಯೋ, ಏನು ಕಾಯ್ತಿದೀಯ!" ಎಂದು ಕಿರುಚತೊಡಗಿದಾಗ ತಿನಾ ಹಗ್ಗ ಕಟ್ಟಿಸಿ ಅವನನ್ನು ಅದರಾಚೆ ನಿಲ್ಲಿಸಿದಳು.

ಯೋಗಾ ಅರ್ದಿಯ ಅಂಗಿಯಲ್ಲಿ ಮೊದಲ ಸಲ ಆಡುವ ಭಾನುವಾರ ವಾರ್ಸಿದಿ ಮದುವೆಗೆ ಹೋಗಬೇಕೆಂದು ಖೋಲಿಲ್‌ಗೆ ಹೇಳಿ, ಬಾತಿಕ್ ಅಂಗಿ ತೊಟ್ಟು ಬಸ್ಸು ಹತ್ತಿದ. ಬೆಟ್ಟದ ಬಸ್‌ನಿಲ್ದಾಣದಲ್ಲಿ ಸಾದಿರಾನ್ ಕಾಯುತ್ತಿದ್ದ. ಇಬ್ಬರೂ ಹಸಿರು ಜನರ ನಡುವೆ ಹೋಗಿ ಕೂತರು. ಚಳಿಗೆ ಸಾದಿರಾನ್ ತನ್ನ ಶಾಲು ಕೊಟ್ಟ. ಅದೂ ಹಸಿರೇ. ವಾರ್ಸಿದಿ ಹೊದ್ದುಕೊಂಡ.

ಎದುರು ತಂಡದವನೊಬ್ಬ ಬಲಗಡೆಯಿಂದ ನುಗ್ಗಿ ಬಂದ. ಯೋಗಾ ಅವನ ಸೊಂಟ ನೋಡಿದ, ಕಾಲು ಚಾಚಿದ, ಚೆಂಡು ಇವನ ಬಳಿ ಉಳಿಯಿತು. ನುಗ್ಗಿ ಬಂದವನು ಚೆಂಡಿಲ್ಲದೆಯೇ ಮುಂದೆ ಓಡಿದ. ವಾರ್ಸಿದಿ ಎಲ್ಲರಿಗಿಂತ ಮೊದಲು ಎದ್ದು ನಿಂತು, "ನಮ್ಮ ಹುಡುಗ! ನಮ್ಮ ಹುಡುಗ!" ಎಂದು ಕೂಗಿದ. ಇಡೀ ಸಾಲು ಎದ್ದು ಅದನ್ನೇ ಕೂಗಿತು. ಅವರ ಅರ್ಥ ಬೇರೆ, ಇವನ ಅರ್ಥ ಬೇರೆ. ಕೂಗಿನಲ್ಲಿ ಅದು ಗೊತ್ತಾಗಲಿಲ್ಲ.

ಸೋಮವಾರ ಅಂಗಡಿ ತೆರೆದಾಗ ಖೋಲಿಲ್ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದ.

"ಮದುವೆ ಹೇಗಿತ್ತು ಚಾಕ್?"

"ಚೆನ್ನಾಗಿತ್ತು. ಹುಡುಗ ಒಳ್ಳೆಯವನು."

"ಹ್ಞೂಂ, ಕಾಣಿಸ್ತು. ಟೀವೀಲಿ ಎರಡು ಸಲ ತೋರಿಸಿದ್ರು. ಆ ಶಾಲು ನಿಮಗೆ ಒಪ್ಪಲ್ಲ."

ವಾರ್ಸಿದಿ ಬ್ರಷ್ಷನ್ನು ನೊರೆಗೆ ಅದ್ದಿ ಅವನ ಬಾಯಿಯ ಮೇಲೆಯೇ ದಪ್ಪಗೆ ಬಳಿದ.